ಸೆನ್ಸಾರ್ ನುಂಗಿದ ಮಾತನ್ನು ತಾಷ್ಕೆಂಟಿನಲ್ಲಿ ಆಡಿ ಬಂದದ್ದು

ಗುಬ್ಬಿ

ತಾಷ್ಕೆಂಟಿಗೆ ಹೋಗುವ ಮುಂಚೆ ನಾನು ಕಂಡಿದ್ದ ಬಲು ದೂರದ ಊರೆಂದರೆ ಧರ್ಮಸ್ಥಳ. ಅಲ್ಲಿಗೆ ಪಾಸ್‌ಪೋರ್ಟ್ ಬೇಕಿರಲಿಲ್ಲ. ಇಲ್ಲಿಗೆ ಬೇಕಾಯಿತು. ತುಮಕೂರಿನ ಸ್ಟುಡಿಯೋದಲ್ಲಿ ಫೋಟೋ ತೆಗೆಸಿದೆ. ಆಮೇಲೆ ಒಂದು ದಿನ ಗುಬ್ಬಿ ಠಾಣೆಯ ದಫೇದಾರರು ವಿಚಾರಣೆ ಮಾಡಲು ಕಡಬದ ನಮ್ಮ ಮನೆಗೇ ಸೈಕಲ್ ತುಳಿದುಕೊಂಡು ಬಂದರು.

"ಅಜ್ಜಿ, ನಿಮ್ ಮೇಲೆ ಕೇಸು ಗೀಸು ಏನಾದ್ರೂ ಅವೆಯಾ?"

"ಇಲ್ಲ ಕಣಪ್ಪ."

"ಯಾವ್ದಾದ್ರೂ ಪಾರ್ಟೀಲಿದೀರಾ?"

"ಮನೇಲಿ ಮುದ್ದೆ ತಿರುವೋಕೇ ಪುರ್ಸೊತ್ತಿಲ್ಲ. ಪಾರ್ಟಿ ಎಲ್ಲಿಂದ ತರ್ಲಿ?"

ಎಲ್ಲವನ್ನೂ ಬರೆದುಕೊಂಡರು. ಕಾಫಿ ಕುಡಿದರು. ಪೆನ್ನಿಗೆ ಕ್ಯಾಪ್ ಹಾಕಿ ಜೇಬಿಗೆ ಸಿಕ್ಕಿಸಿಕೊಂಡ ಮೇಲೆ ದನಿ ತಗ್ಗಿಸಿದರು. "ಅಲ್ಲಾ ಅಜ್ಜಿ, ಆ ಸಿನಿಮಾದಲ್ಲಿ ಆಫೀಸರ್‌ಗೆ ಏನಂದ್ರಿ? ನಮ್ ಠಾಣೇಲಿ ಇಬ್ರು ಕೋಳಿ ಬೆಟ್ ಕಟ್ಟವ್ರೆ."

ಈ ಪ್ರಶ್ನೆಯನ್ನು ಅಷ್ಟು ಹೊತ್ತಿಗೆ ಸುತ್ತ ಹತ್ತೂರಿನವರು ನನ್ನನ್ನು ಕೇಳಿ ಮುಗಿಸಿದ್ದರು. ಇದು ಎಲ್ಲಿಂದ ಶುರುವಾಯಿತು ಅಂತ ಮೊದಲು ಹೇಳಿಬಿಡುತ್ತೇನೆ.

ನನ್ನ ತವರು ಕುಣಿಗಲ್. ನಮ್ಮಪ್ಪ ಅಲ್ಲಿನ ಕುದುರೆ ಫಾರಂನಲ್ಲಿ ಕುದುರೆ ನೋಡಿಕೊಳ್ಳುತ್ತಿದ್ದ. ನನ್ನ ಅಣ್ಣನ ಮಗ ಚಂದ್ರು ಕುದುರೆಯನ್ನೂ ನೋಡಲಿಲ್ಲ, ಕಚೇರಿಯನ್ನೂ ನೋಡಲಿಲ್ಲ, ಸಿನಿಮಾ ಮಾಡುವುದನ್ನು ಕಲಿತು ಬಂದ. ತುರ್ತು ಪರಿಸ್ಥಿತಿ ಮುಗಿದು ನಾಲ್ಕೈದು ವರ್ಷವಾದ ಮೇಲೆ ಆ ಕಾಲದ ಮೇಲೆಯೇ ಒಂದು ಸಿನಿಮಾ ತೆಗೆದ. ಹೆಸರು 'ತೂಬಿನ ಬೀಗ'. ಒಬ್ಬ ಆಫೀಸರು ಒಂದೂರಿನ ಕೆರೆಯ ತೂಬಿಗೆ ಬೀಗ ಜಡಿಯುತ್ತಾನೆ. ಊರಿನಿಂದ ನಲವತ್ತು ಗಂಡಸರು ಮಕ್ಕಳಾಗದ ಆಪರೇಷನ್ನಿಗೆ ಬಂದರೆ ಗದ್ದೆಗೆ ನೀರು, ಇಲ್ಲದಿದ್ದರೆ ಇಲ್ಲ. ಕೊನೆಗೆ ಒಬ್ಬ ಮುದುಕಿ ತೂಬಿನ ಮೇಲೆ ಕೂತು ಅವನಿಗೆ ಒಂದು ಮಾತು ಹೇಳುತ್ತಾಳೆ. ಅವನು ಬೀಗ ತೆಗೆಯುತ್ತಾನೆ. ನಮ್ಮ ಕಡಬದ ಕೆರೆ ಏರಿಯ ಮೇಲೇ ಶೂಟಿಂಗ್ ಆಯಿತು. ಆ ಮುದುಕಿಯ ಪಾರ್ಟು ನನ್ನದು.

ಚಂದ್ರು ನನಗೆ ಎರಡು ಪುಟದ ಭಾಷಣ ಬರೆದುಕೊಟ್ಟಿದ್ದ. ಅದರಲ್ಲಿ ಸ್ವಾತಂತ್ರ್ಯ ಅನ್ನುವ ಪದವೇ ಆರು ಸಲ ಇತ್ತು. ಬಾಯಿಪಾಠ ಬರಲಿಲ್ಲ. ಬಿಸಿಲು ಇಳಿಯುತ್ತಾ ಬಂತು. "ಅತ್ತೆ, ಆಫೀಸರ್ ನಿನ್ ಮುಂದೆ ನಿಂತವ್ನೆ ಅಂದ್ಕೋ. ಬಾಯಿಗೆ ಬಂದದ್ದು ಅಂದ್ಬಿಡು" ಅಂದ. ನಾನು ಅಂದೆ:

"ಹೋಗಿ ನಿಮ್ಮವ್ವನ್ನ ಕೇಳು, ನಿನ್ನ ಹೆರೋಕೆ ಯಾವ ಆಫೀಸರು ಪರ್ಮಿಟ್ ಕೊಟ್ಟಿದ್ದ ಅಂತ."

ಅದು ಆವತ್ತು ಹುಟ್ಟಿದ ಮಾತಲ್ಲ. ತುರ್ತು ಪರಿಸ್ಥಿತಿಯಲ್ಲಿ ಗುಬ್ಬಿ ಸಂತೆಗೆ ಹೋಗಿದ್ದ ನಮ್ಮ ಯಜಮಾನರನ್ನು ಜೀಪು ಹತ್ತಿಸಿಕೊಂಡು ಹೋಗಿದ್ದರು. ಆಗ ಅವರಿಗೆ ಅರವತ್ತೊಂದು. ನನಗೆ ಮುಟ್ಟು ನಿಂತು ಹತ್ತು ವರ್ಷವಾಗಿತ್ತು. ಆಪರೇಷನ್ ಮಾಡಿ, ಕೈಗೊಂದು ನೀಲಿ ಪ್ಲಾಸ್ಟಿಕ್ ಬಕೆಟ್ ಕೊಟ್ಟು, ಸಂಜೆಗೆ ಬಿಟ್ಟರು. ಮಾರನೇ ದಿನ ಒಬ್ಬ ಆಫೀಸರು ಹೆಬ್ಬೆಟ್ಟು ಒತ್ತಿಸಿಕೊಳ್ಳಲು ಮನೆಗೇ ಬಂದ. ನಾನು ಬಾಗಿಲಲ್ಲಿ ನಿಂತಿದ್ದೆ. ಈ ಮಾತು ನಾಲಿಗೆಯ ತುದಿಯವರೆಗೆ ಬಂತು. ಹೆದರಿಕೆಯಾಯಿತು, ನುಂಗಿಕೊಂಡೆ. ಅವನಿಗೆ ಕಾಫಿ ಬೇರೆ ಕೊಟ್ಟೆ. ಅವನು ಹೋದ ಮೇಲೆ ಯಜಮಾನರು, "ಊರವರ ಮೇಲೆಲ್ಲ ರೇಗ್ತೀಯ. ಇವನ ಮುಂದೆ ಬಾಯಿಗೆ ಬೀಗ ಹಾಕ್ಕೊಂಡ್ಯಲ್ಲೇ" ಅಂದರು. ಎರಡು ವರ್ಷಕ್ಕೆ ತೀರಿಕೊಂಡರು. ಬಕೆಟ್ ಇನ್ನೂ ಗಟ್ಟಿಮುಟ್ಟಾಗಿದೆ.

ಅಂತೂ ಆ ಮಾತನ್ನು ಸಿನಿಮಾದಲ್ಲಾದರೂ ಆಡಿದೆನಲ್ಲ ಅಂದುಕೊಂಡಿದ್ದೆ. ಸೆನ್ಸಾರಿನವರು ಕೂತು ನೋಡಿದರು. ಸರ್ಕಾರದ ಕಾರ್ಯಕ್ರಮಕ್ಕೆ ಅಗೌರವ, ಸರ್ಕಾರಿ ನೌಕರನ ತಾಯಿಗೆ ಅವಮಾನ ಅಂತ ಕಾಗದ ಬಂತು. ದೃಶ್ಯ ತೆಗೆದರೆ ಕಥೆ ಮುಂದೆ ಹೋಗುವುದಿಲ್ಲ ಅಂತ ಚಂದ್ರು ಅಂಗಲಾಚಿದ್ದಕ್ಕೆ ಚಿತ್ರ ಬಿಟ್ಟು ದನಿ ಮಾತ್ರ ಅಳಿಸಿದರು.

ಗುಬ್ಬಿಯ ಟೆಂಟಿನಲ್ಲಿ ಸಿನಿಮಾ ಬಂದಾಗ ಊರಿಗೆ ಊರೇ ಹೋಯಿತು. ಪರದೆಯ ಮೇಲೆ ನಾನು ಆಳೆತ್ತರ ಕಂಡೆ. ಬಾಯಿ ಆಡುತ್ತದೆ, ದನಿ ಇಲ್ಲ. ಮೀನಿನ ಹಾಗೆ. ಅಷ್ಟಕ್ಕೇ ಆ ಆಫೀಸರು ಮುಖ ಬಿಳುಚಿಕೊಂಡು ಹಿಂದಕ್ಕೆ ಸರಿದು ಬೀಗ ತೆಗೆಯುತ್ತಾನೆ! ಟೆಂಟೆಲ್ಲ ಹೋ ಅಂತು. "ಅಜ್ಜಿ ಏನೋ ಭಾರಿದೇ ಬಿಟ್ಟವ್ಳೆ ಕಣ್ಲಾ!" ಅಂತ ಒಬ್ಬ. "ಅವ್ರಪ್ಪನ್ ಸುದ್ದಿ ತೆಗ್ದವ್ಳೆ" ಅಂತ ಇನ್ನೊಬ್ಬ. ನಾನು ಆಡಿದ್ದು ಒಂದು ಮರ್ಯಾದಸ್ಥ ಮಾತು. ಸೆನ್ಸಾರಿನವರು ಅದನ್ನು ತೆಗೆದು, ಒಬ್ಬೊಬ್ಬರೂ ತಮಗೆ ಗೊತ್ತಿದ್ದ ಕೊಳಕು ಬೈಗುಳವನ್ನೆಲ್ಲ ನನ್ನ ಬಾಯಿಗೆ ತುರುಕುವ ಹಾಗೆ ಮಾಡಿದರು. ಕುಣಿಗಲ್ಲಿನ ನಮ್ಮ ಬೀಗಿತ್ತಿ, "ಈ ವಯಸ್ಸಲ್ಲಿ ಅಂಥ ಮಾತು ಆಡ್ಬಾರ್ದಿತ್ತು ಕಣ್ರೀ" ಅಂದಳು. ಎಂಥ ಮಾತು ಅಂದರೆ, "ಅಯ್ಯೋ, ನನ್ ಬಾಯಲ್ಲಿ ಬರಲ್ಲ" ಅಂದಳು. ನಾನು ಇದ್ದದ್ದನ್ನು ಹೇಳಿದರೆ ಯಾರೂ ನಂಬಲಿಲ್ಲ. ಇಷ್ಟು ಸಣ್ಣ ಮಾತನ್ನು ಯಾವ ಸರ್ಕಾರ ಕತ್ತರಿಸುತ್ತದೆ ಅನ್ನುತ್ತಿದ್ದರು. ದಫೇದಾರರಿಗೂ ಹೇಳಿದೆ. "ಬುಡಿ ಅಜ್ಜಿ, ಪೊಲೀಸ್ನೋರ ಹತ್ರ ನಿಜ ಹೇಳಲ್ಲ ನೀವು" ಅಂತ ಸೈಕಲ್ ಹತ್ತಿದರು.

ಅಷ್ಟರಲ್ಲಿ ತಾಷ್ಕೆಂಟಿನ ಚಿತ್ರೋತ್ಸವದಿಂದ ಚಂದ್ರುವಿಗೆ ಕರೆ ಬಂತು. ಜೊತೆಗೆ ಸಿನಿಮಾದವರು ಇನ್ನೊಬ್ಬರು ಬರಬಹುದು. ನಾಯಕ ಬೇರೆ ಶೂಟಿಂಗಿನಲ್ಲಿದ್ದ. ನಾಯಕಿಗೆ ಮದುವೆ ಗೊತ್ತಾಗಿತ್ತು. ಉಳಿದವಳು ನಾನು.

ದಿಲ್ಲಿ

ದಿಲ್ಲಿಯ ಬಗ್ಗೆ ಹೇಳುವುದು ಹೆಚ್ಚಿಲ್ಲ. ಬಿಸಿಲು, ಕಚೇರಿ, ಕಚೇರಿ, ಬಿಸಿಲು. ಒಂದು ಕಚೇರಿಯಲ್ಲಿ ಚಂದ್ರುವಿನಿಂದ ಒಂದು ಕಾಗದ ಬರೆಸಿಕೊಂಡರು. ಸೆನ್ಸಾರ್ ತೆಗೆದದ್ದನ್ನು ಹೊರದೇಶದಲ್ಲಿ ಸಿನಿಮಾಕ್ಕೆ ಮತ್ತೆ ಸೇರಿಸುವುದಿಲ್ಲ ಅಂತ. ಸಿನಿಮಾ ಇದ್ದ ತಗಡಿನ ಡಬ್ಬಗಳಿಗೆ ಅರಗಿನ ಸೀಲು ಹಾಕಿದರು. ನನ್ನ ಮೂಕ ಬಾಯಿ ಆ ಡಬ್ಬದೊಳಗೇ ಇತ್ತು.

ಕಚೇರಿಯ ಸಾಹೇಬರು ಒಳ್ಳೆಯವರೇ. ನನಗೆ ಕೈಮುಗಿದು, "ಮಾಜೀ, ಅಲ್ಲಿ ಪತ್ರಿಕೆಯವರು ಏನಾದರೂ ಕೇಳಿದರೆ ನಮ್ಮ ದೇಶದ ಮರ್ಯಾದೆ ನೋಡಿಕೊಳ್ಳಿ" ಅಂದರು. ನೋಡಿಕೊಳ್ಳುತ್ತೇನೆ ಅಂದೆ. ಹೊರಗೆ ಬಂದ ಮೇಲೆ ಚಂದ್ರು ಮುಖ ಇಳಿಬಿಟ್ಟುಕೊಂಡು, "ಅತ್ತೆ, ನಾನು ಬರ್ಕೊಟ್ಟಿದೀನಿ. ಏನಾದ್ರೂ ಹೆಚ್ಚುಕಮ್ಮಿ ಆದ್ರೆ ಇನ್ನೊಂದು ಸಿನಿಮಾ ತೆಗ್ಯೋಕೆ ಬಿಡಲ್ಲ ನನ್ನ" ಅಂದ.

"ನೀನು ಬರ್ಕೊಟ್ಟಿದೀಯ. ಸರಿ, ಅದ್ರಂತೆ ನಡ್ಕೋ" ಅಂದೆ.

ತಾಷ್ಕೆಂಟ್, ಹೋಟೆಲು

ವಿಮಾನದಲ್ಲಿ ಭಯವಾಗಲಿಲ್ಲ. ಗುಬ್ಬಿಯಿಂದ ಕಡಬಕ್ಕೆ ಬರುವ ಬಸ್ಸಿನಲ್ಲಿ ಕೂತು ಅಭ್ಯಾಸವಿದ್ದವರಿಗೆ ಅದು ಅಲುಗಾಡುವುದೇ ಇಲ್ಲ ಅನ್ನಿಸುತ್ತದೆ.

ಇಳಿದ ಕೂಡಲೇ ನನ್ನ ಹುರಿಹಿಟ್ಟಿನ ಡಬ್ಬ ಹಿಡಿದು ನಿಲ್ಲಿಸಿದರು. ಸಮವಸ್ತ್ರದವನೊಬ್ಬ ಮೂಸಿದ. ಇನ್ನೊಬ್ಬನನ್ನು ಕರೆದ. ಅವನೂ ಮೂಸಿದ. ನಾನು ಒಂದು ಚಿಟಿಕೆ ಬಾಯಿಗೆ ಹಾಕಿಕೊಂಡು ತೋರಿಸಿದೆ. ಅವರಲ್ಲಿ ಹಿರಿಯವನು ತಾನೂ ಒಂದು ಚಿಟಿಕೆ ಹಾಕಿಕೊಂಡ. ಹುರಿಹಿಟ್ಟು ಒಣದಾಗಿ ತಿಂದು ರೂಢಿಯಿಲ್ಲದವರಿಗೆ ಏನಾಗುತ್ತದೆ ಅಂತ ಗೊತ್ತಲ್ಲ. ಕೆಮ್ಮಿ ಕೆಮ್ಮಿ ಕಣ್ಣಲ್ಲಿ ನೀರು ಬಂತು. ಬೆನ್ನಿಗೆ ಎರಡು ಗುದ್ದಿದೆ. ಆಮೇಲೆ ಪೆಟ್ಟಿಗೆ ತೆಗೆಸಲೇ ಇಲ್ಲ, ಹೋಗಿ ಅಂದುಬಿಟ್ಟರು.

ಊರು ಅಚ್ಚುಕಟ್ಟಾಗಿದೆ. ದೊಡ್ಡ ರಸ್ತೆಗಳ ಪಕ್ಕದಲ್ಲೇ ಸಣ್ಣ ಕಾಲುವೆ ಮಾಡಿ ನೀರು ಹರಿಸುತ್ತಾರೆ. ಗಿಡಮರಕ್ಕೆಲ್ಲ ಅದೇ ನೀರು. ತೂಬಿಗೆ ಬೀಗ ಹಾಕಿದ್ದು ಎಲ್ಲೂ ಕಾಣಲಿಲ್ಲ. ಮುದುಕಿಯರು ಬಣ್ಣಬಣ್ಣದ ರೇಷ್ಮೆಯ ನಿಲುವಂಗಿ ತೊಟ್ಟು, ತಲೆಗೆ ವಸ್ತ್ರ ಕಟ್ಟಿ, ಸಾಲಾಗಿ ಚಿನ್ನದ ಹಲ್ಲು ಕಟ್ಟಿಸಿಕೊಂಡು ನಗುತ್ತಾರೆ. ನಾವು ಚಿನ್ನವನ್ನು ಕೊರಳಿಗೆ ಹಾಕಿ ಕಳ್ಳರಿಗೆ ಹೆದರುತ್ತೇವೆ. ಬಾಯಲ್ಲಿಟ್ಟುಕೊಂಡರೆ ಆ ಚಿಂತೆ ಇಲ್ಲ. ಕರಬೂಜದ ಹಣ್ಣಂತೂ ನಮ್ಮ ಕುಂಬಳಕಾಯಿಗಿಂತ ದೊಡ್ಡದು, ಬಾಯಿಗಿಟ್ಟರೆ ಬೆಲ್ಲ.

ಹೋಟೆಲಿನ ಒಂದೊಂದು ಮಹಡಿಗೂ ಒಬ್ಬ ಹೆಂಗಸು ಮೇಜು ಹಾಕಿಕೊಂಡು ಕೂತಿರುತ್ತಾಳೆ. ಬೀಗದ ಕೈ ಅವಳ ಹತ್ತಿರ. ಹೋಗುವಾಗ ಅವಳಿಗೆ ಕೊಡಬೇಕು, ಬಂದಾಗ ಅವಳಿಂದ ತೆಗೆದುಕೊಳ್ಳಬೇಕು. ನಮ್ಮ ಮಹಡಿಯವಳು ಸ್ಕೂಲಿನ ಹೆಡ್‌ಮಿಸ್ಸಿನ ಹಾಗೆ ಕನ್ನಡಕದ ಮೇಲಿಂದ ನೋಡುತ್ತಿದ್ದಳು. ನಾನೂ ಹಾಗೇ ನೋಡಿದೆ. ಎರಡನೇ ದಿನಕ್ಕೆ ಅವಳೇ ಕಣ್ಣು ತಗ್ಗಿಸಿದಳು.

ಬಂದ ದಿನವೇ ನನ್ನ ಕೆಂಪು ಸೀರೆ ಒಗೆದು ನಾಲ್ಕನೇ ಮಹಡಿಯ ಬಾಲ್ಕನಿಯಿಂದ ಕೆಳಕ್ಕೆ ಇಳಿಬಿಟ್ಟೆ. ಊರ ತುಂಬ ಉತ್ಸವಕ್ಕೆ ಅಂತ ಕೆಂಪು ಬಟ್ಟೆ ಕಟ್ಟಿದ್ದರು. ನನ್ನದೂ ಅದರಲ್ಲಿ ಒಂದಾಗಿ ಸಂಜೆಯವರೆಗೆ ನೆಮ್ಮದಿಯಾಗಿ ಒಣಗಿತು. ಕೆಳಗೆ ಇಬ್ಬರು ನಿಂತು ಅದರ ಫೋಟೋ ಕೂಡ ತೆಗೆದರು. ಮಾರನೇ ದಿನ ಹಸಿರು ಸೀರೆ ಹಾಕಿದೆ. ಹತ್ತು ನಿಮಿಷವಾಗಿಲ್ಲ, ಬೀಗದ ಕೈಯವಳು ಓಡಿ ಬಂದಳು. ಅವಳ ಹಿಂದೆ ದಪ್ಪ ಕನ್ನಡಕದ ಒಬ್ಬ ಮನುಷ್ಯ. ಇವನು ಉತ್ಸವದ ಕಾಗದಪತ್ರಕ್ಕೆಲ್ಲ ಸೀಲು ಹಾಕುವವನಂತೆ. ಕೈಯಲ್ಲಿ ಸೀಲು ಇಲ್ಲದೆ ಅವನನ್ನು ನಾನು ನೋಡಲೇ ಇಲ್ಲ. ಇದೇನು, ಇದು ಯಾಕೆ, ಇದಕ್ಕೆ ಅನುಮತಿ ಯಾರದು ಅಂತ ಶುರು ಮಾಡಿದ.

"ನಿನ್ನೆ ಕೆಂಪು ಹಾಕಿದ್ದಕ್ಕೆ ಯಾರೂ ಕೇಳಲಿಲ್ಲವಲ್ಲ" ಅಂತ ಹೇಳಿಸಿದೆ. ಅವನು ಯೋಚನೆ ಮಾಡಿದ. ಬಹಳ ಹೊತ್ತು ಮಾಡಿದ. ಹಸಿರು ಸೀರೆಯನ್ನು ಒಳಗೆ ಒಣಹಾಕಿ ಅಂತ ಹೇಳಿ ಹೋದ.

ನನ್ನ ಮಾತನ್ನು ಅವನಿಗೆ ಹೇಳಿದವಳು ದಿಲ್ಬರ್. ನಮ್ಮ ಸಿನಿಮಾಕ್ಕೆ ಗೊತ್ತು ಮಾಡಿದ್ದ ದುಭಾಷಿ. ಮೂವತ್ತೈದರ ಹೆಂಗಸು, ಉದ್ದ ಜಡೆ. ಕಾಲೇಜಿನಲ್ಲಿ ಹಿಂದಿ ಓದಿದ್ದಳು. ಅವಳದು ರೇಡಿಯೋದ ವಾರ್ತೆಯವರು ಆಡುವಂಥ ಹಿಂದಿ. ನನ್ನದು ಕುದುರೆ ಲಾಯದ ಸಾಬರ ಮಕ್ಕಳ ಜೊತೆ ಆಡಿ ಕಲಿತದ್ದು. ಅವಳು ಒಂದು ಹೇಳಿದರೆ ನಾನು ಅರ್ಧ ಹಿಡಿಯುತ್ತಿದ್ದೆ. ನಾನು ಹೇಳಿದ್ದನ್ನು ಅವಳು ಮುಕ್ಕಾಲು ಹಿಡಿದು ಉಳಿದದ್ದಕ್ಕೆ ನಗುತ್ತಿದ್ದಳು. ನಡುವೆ ಚಂದ್ರು ತೇಪೆ ಹಾಕುತ್ತಿದ್ದ.

ದಿಲ್ಬರ್ ಮನೆ

ಮೂರನೇ ದಿನ ದಿಲ್ಬರ್ ನಮ್ಮನ್ನು ತನ್ನ ಮನೆಗೆ ಕರೆದುಕೊಂಡು ಹೋದಳು. ಅವರಮ್ಮ ನನ್ನ ಓರಗೆಯವಳು. ಅಂಗಳದಲ್ಲಿ ದ್ರಾಕ್ಷಿ ಚಪ್ಪರ, ಅದರ ಕೆಳಗೆ ಮಂಚದಂಥ ಅಗಲವಾದ ಜಗಲಿ, ನಡುವೆ ಊಟದ ಬಟ್ಟೆ. ಆ ಅಮ್ಮ ಹಿಡಿಯಿಲ್ಲದ ಬಟ್ಟಲಿಗೆ ಹಸಿರು ಟೀ ಬಗ್ಗಿಸಿ ಕೊಟ್ಟಳು. ನೋಡಿದರೆ ಕಾಲು ಬಟ್ಟಲೂ ಇಲ್ಲ!

ನಮ್ಮೂರಿನಲ್ಲಿ ಹಾಗೆ ಕೊಟ್ಟರೆ ಬಂದವರು ಮತ್ತೆ ಆ ಮನೆಯ ಮೆಟ್ಟಿಲು ಹತ್ತುವುದಿಲ್ಲ. ಪಾಪ, ಕಷ್ಟದ ಮನೆಯಿರಬೇಕು ಅಂದುಕೊಂಡು ಕುಡಿದೆ. ಮತ್ತೆ ಅಷ್ಟೇ ಕೊಟ್ಟಳು. ಕುಡಿದೆ. ಮತ್ತೆ ಅಷ್ಟೇ. ನಾಲ್ಕನೇ ಸಲ ನನಗೆ ತಡೆಯಲಾಗಲಿಲ್ಲ. ನಾನೇ ಟೀ ಪಾತ್ರೆ ಎತ್ತಿ ನನ್ನ ಬಟ್ಟಲನ್ನು ಅಂಚಿನವರೆಗೆ ತುಂಬಿಸಿಕೊಂಡೆ. ಆ ಅಮ್ಮನ ಮುಖ ಸಪ್ಪಗಾಯಿತು. ಎದ್ದು ನನ್ನ ಚಪ್ಪಲಿಯನ್ನು ಬೀದಿ ಬಾಗಿಲ ಕಡೆಗೆ ತಿರುಗಿಸಿ ಇಡಲು ಹೋದಳು.

ದಿಲ್ಬರ್ ಹೊಟ್ಟೆ ಹಿಡಿದುಕೊಂಡು ನಗುತ್ತಾ ಬಿಡಿಸಿ ಹೇಳಿದಳು. ಅವರಲ್ಲಿ ಸ್ವಲ್ಪ ಸ್ವಲ್ಪ ಕೊಡುವುದೇ ಮರ್ಯಾದೆ. ಆಗ ಬಂದವರು ಮತ್ತೆ ಮತ್ತೆ ಕೇಳುತ್ತಾರೆ, ಮನೆಯವರು ಮತ್ತೆ ಮತ್ತೆ ಬಗ್ಗಿಸುತ್ತಾರೆ, ಮಾತು ಬೆಳೆಯುತ್ತದೆ. ಬಟ್ಟಲು ತುಂಬಿತೆಂದರೆ ಕುಡಿದು ಎದ್ದು ಹೋಗು ಅಂತ ಅರ್ಥ. ನನಗೆ ನಾನೇ ಹೊರಗೆ ಹೋಗು ಅಂದುಕೊಂಡಿದ್ದೆ! "ನಿಮ್ಮಮ್ಮಂಗೆ ಹೇಳು, ನಾನಿನ್ನೂ ಹೊರಟಿಲ್ಲ" ಅಂದೆ. ತುಂಬಿದ್ದನ್ನು ಚೆಲ್ಲಿ ಮತ್ತೆ ಕಾಲು ಬಟ್ಟಲಿಗೆ ಬಂದೆವು.

ಊಟಕ್ಕೆ ದುಂಡನೆಯ ರೊಟ್ಟಿ, ಕ್ಯಾರೆಟ್ ಹಾಕಿದ ಅನ್ನ, ಅದರ ಮೇಲೆ ತೆಳ್ಳಗೆ ಬಿಲ್ಲೆ ಬಿಲ್ಲೆ ಕೊಯ್ದ ಮಾಂಸ. ಚೆನ್ನಾಗಿತ್ತು. ಎರಡು ಸಲ ಹಾಕಿಸಿಕೊಂಡೆ. ಆಮೇಲೆ ಯಾವುದರ ಮಾಂಸ ಅಂತ ಕೇಳಿದೆ. ದಿಲ್ಬರ್ ನಾಲಿಗೆ ಲೊಚಗುಟ್ಟಿ, ಜಗಲಿಯ ಮೇಲೆ ಬೆರಳಲ್ಲಿ ಟಕಟಕ ಟಕಟಕ ಅಂತ ಓಡಿಸಿ ತೋರಿಸಿದಳು. ಕುದುರೆ.

ಚಂದ್ರು ತಟ್ಟೆ ಕೆಳಗಿಟ್ಟ. ಅವನ ತಾತ, ಅಂದರೆ ನಮ್ಮಪ್ಪ, ಕುದುರೆ ತಿಕ್ಕಿ ತಿಕ್ಕಿ ನಮ್ಮನ್ನೆಲ್ಲ ಸಾಕಿದ್ದ. ಒಂದು ಕುದುರೆ ಸತ್ತಾಗ ಮೂರು ದಿನ ಊಟ ಬಿಟ್ಟಿದ್ದ. ನಾನು ನನ್ನ ತಟ್ಟೆ ನೋಡಿಕೊಂಡೆ, ಅದು ಆಗಲೇ ಖಾಲಿಯಾಗಿತ್ತು. ಆಮೇಲೆ, ತಿಂದದ್ದು ತಿಂದಾಯಿತು, ಇನ್ನೊಬ್ಬರ ಮನೆಯಲ್ಲಿ ವಾಂತಿ ಮಾಡಿದರೆ ಚೆನ್ನಾಗಿರುವುದಿಲ್ಲ ಅಂತ ಟೀ ಕೇಳಿದೆ. ಕುಣಿಗಲ್ಲಿನಲ್ಲಿ ಇದನ್ನು ಇದುವರೆಗೂ ಹೇಳಿರಲಿಲ್ಲ. ಈಗ ಓದಿ ತಿಳಿದುಕೊಳ್ಳಲಿ.

ಊಟವಾದ ಮೇಲೆ ದಿಲ್ಬರ್ ಸಿನಿಮಾದ ಮಾತುಗಳಿದ್ದ ಹಾಳೆಗಳನ್ನು ಹರಡಿಕೊಂಡಳು. ಅಲ್ಲಿ ಸಿನಿಮಾದ ಮಾತನ್ನು ಬೇರೆ ಭಾಷೆಗೆ ಮಾಡಿಟ್ಟಿರುವುದಿಲ್ಲ. ಸಿನಿಮಾ ಹಾಲಿನ ಹಿಂದೆ ಗಾಜಿನ ಕೋಣೆಯಲ್ಲಿ ದುಭಾಷಿಗಳು ಕೂತು, ಚಿತ್ರ ಓಡುತ್ತಿದ್ದ ಹಾಗೇ ಮೈಕಿನಲ್ಲಿ ಹೇಳುತ್ತಾರೆ. ನೋಡುವವರು ಕಿವಿಗೆ ಒಂದು ಯಂತ್ರ ಹಾಕಿಕೊಂಡು ಕೇಳುತ್ತಾರೆ. ದಿಲ್ಬರ್ ರಷ್ಯನ್ನಿನಲ್ಲಿ ಹೇಳುವುದು. ಅವಳದ್ದನ್ನು ಕೇಳಿಕೊಂಡು ಉಳಿದವರು ಉಜ್ಬೆಕಿನಲ್ಲಿ, ಇಂಗ್ಲಿಷಿನಲ್ಲಿ, ಇನ್ನೂ ಯಾವುಯಾವುದರಲ್ಲೋ ಹೇಳುವುದು. ಎಲ್ಲ ಹಾಳೆಗೂ ಕನ್ನಡಕದವನ ಗುಂಡು ಸೀಲು ಬಿದ್ದಿತ್ತು.

"ಇಲ್ಲಿ ನೀವು ಏನೋ ಹೇಳುತ್ತೀರಿ. ಹಾಳೆಯಲ್ಲಿ ಏನೂ ಇಲ್ಲ" ಅಂದಳು.

ಚಂದ್ರು ನನ್ನ ಕಡೆ ನೋಡಿ ಬೇಡ ಅಂತ ತಲೆಯಾಡಿಸಿದ. ನಾನು ಹೇಳಿದೆ. ದಿಲ್ಬರ್ ಅದನ್ನು ತಾಯಿಗೆ ಹೇಳಿದಳು. ಆ ಅಮ್ಮ ಚಿನ್ನದ ಹಲ್ಲೆಲ್ಲ ಕಾಣುವ ಹಾಗೆ ನಕ್ಕು ನನ್ನ ತೊಡೆಯ ಮೇಲೆ ಪಟಾರನೆ ಹೊಡೆದಳು. ದಿಲ್ಬರೂ ನಕ್ಕಳು. ಆಮೇಲೆ ಇಬ್ಬರೂ ಒಟ್ಟಿಗೆ ಬೀದಿ ಬಾಗಿಲ ಕಡೆ ನೋಡಿ ನಗು ನಿಲ್ಲಿಸಿದರು. ಆ ನೋಟ ನನಗೆ ಗೊತ್ತಿತ್ತು. ನಮ್ಮೂರಿನಲ್ಲಿ ಜೀಪಿನ ಸದ್ದು ಕೇಳಿದಾಗ ನಾವೂ ಬಾಗಿಲನ್ನು ಹಾಗೇ ನೋಡುತ್ತಿದ್ದೆವು.

"ಇಲ್ಲೂ ಸೆನ್ಸಾರ್ ಇದೆಯಾ?" ಅಂದೆ.

"ಸೆನ್ಸಾರಾ? ಇಲ್ಲವೇ ಇಲ್ಲ" ಅಂದಳು ದಿಲ್ಬರ್. "ಸೀಲು ಇದೆ."

ಹಾಳೆಯಲ್ಲಿ ಇಲ್ಲದ್ದನ್ನು ಅವಳು ಮೈಕಿನಲ್ಲಿ ಹೇಳುವ ಹಾಗಿಲ್ಲ. ಹೇಳಿದರೆ ಗಾಜಿನ ಕೋಣೆಯ ಕೆಲಸ ಹೋಗುತ್ತದೆ. ಮನೆಯಲ್ಲಿ ದುಡಿಯುವವಳು ಅವಳೊಬ್ಬಳೇ. ಬೇಡ ಬಿಡು ತಾಯಿ ಅಂದೆ. ನಿಜವಾಗಿಯೂ ಅಂದೆ. ಇನ್ನೊಬ್ಬಳ ಅನ್ನಕ್ಕೆ ಕಲ್ಲು ಹಾಕಿ ನನ್ನ ಮಾತು ಆಡಿಸಿಕೊಳ್ಳಬೇಕಾಗಿರಲಿಲ್ಲ.

ದಿಲ್ಬರ್ ಹಾಳೆ ಜೋಡಿಸಿಟ್ಟಳು. ಅವರಮ್ಮ ಅವಳಿಗೆ ಏನೋ ಅಂದಳು. ದಿಲ್ಬರ್ ನನ್ನ ಬಟ್ಟಲಿಗೆ ಕಾಲು ಭಾಗ ಟೀ ಬಗ್ಗಿಸುತ್ತಾ, ತಲೆ ಎತ್ತದೆ, ನಿಧಾನವಾಗಿ, ನನಗೆ ತಿಳಿಯುವ ಹಾಗೆ ಹೇಳಿದಳು. "ಇನ್ನೊಂದು ನಿಯಮವಿದೆ. ಹೊರದೇಶದ ಅತಿಥಿ ಹಾಲಿನಲ್ಲಿ ಏನೇ ಮಾತಾಡಿದರೂ ದುಭಾಷಿ ಅದನ್ನು ಹೇಳಲೇಬೇಕು. ಬಿಟ್ಟರೆ ತಪ್ಪು. ಅದಕ್ಕೂ ಸೀಲು ಬಿದ್ದಿದೆ."

ಚಂದ್ರು ಸೀಲಿಂಗ್ ನೋಡುವವನ ಹಾಗೆ ದ್ರಾಕ್ಷಿ ಚಪ್ಪರ ನೋಡಿದ. "ಅತ್ತೆ, ನಾನು ಬರ್ಕೊಟ್ಟಿದೀನಿ" ಅಂದ.

"ನಾನು ಬರ್ಕೊಟ್ಟಿಲ್ವಲ್ಲೋ" ಅಂದೆ. "ನಿನ್ ಸಿನಿಮಾನ ನಾನು ಮುಟ್ಟಲ್ಲ, ಬುಡು."

ಸಿನಿಮಾ ಹಾಲು

ಹಾಲು ನಮ್ಮ ಗುಬ್ಬಿಯ ಟೆಂಟಿನ ಹತ್ತರಷ್ಟಿತ್ತು. ನೆಲದಲ್ಲಿ ಕೂರುವ ಜಾಗವೇ ಇಲ್ಲ, ಎಲ್ಲ ಮೆತ್ತನೆಯ ಕುರ್ಚಿ. ಬೀಡಿ ಹೊಗೆ ಇಲ್ಲ. ಸಿಳ್ಳೆ ಇಲ್ಲ. ಇಷ್ಟೊಂದು ಶಿಸ್ತಿನಲ್ಲಿ ಸಿನಿಮಾ ಹೇಗೆ ನೋಡುತ್ತಾರೋ ಅನ್ನಿಸಿತು. ನನ್ನ ಕುರ್ಚಿ ಮೂರನೇ ಸಾಲಿನಲ್ಲಿ. ಹಿಂದೆ ತಿರುಗಿ ನೋಡಿದರೆ ಗಾಜಿನ ಕೋಣೆಯಲ್ಲಿ ದಿಲ್ಬರಳ ಜಡೆ ಕಾಣುತ್ತಿತ್ತು. ಕನ್ನಡಕದವನು ಬಾಗಿಲ ಹತ್ತಿರ ನಿಂತಿದ್ದ.

ಕಡಬದ ಕೆರೆ ಪರದೆಯ ಮೇಲೆ ಬಂತು. ಅಷ್ಟು ದೂರ ಹೋಗಿ ನಮ್ಮ ಕೆರೆ ನೋಡುವುದು ಒಂಥರಾ. ಏರಿಯ ಮೇಲೆ ನಮ್ಮ ಎಮ್ಮೆಯೂ ಒಂದು ಸಲ ಹಾದುಹೋಯಿತು. ಅದಕ್ಕೆ ಗೊತ್ತೇ ಇಲ್ಲ ತಾನು ತಾಷ್ಕೆಂಟಿಗೆ ಬಂದಿದ್ದೇನೆ ಅಂತ.

ಹೆದರಿಕೆಯಾಯಿತು. ಸುಳ್ಳು ಯಾಕೆ ಹೇಳಲಿ. ಆವತ್ತು ಬಾಗಿಲಲ್ಲಿ ನಿಂತಾಗ ಆದ ಹಾಗೇ ಆಯಿತು. ಈ ಸಲವೂ ನುಂಗಿಕೊಂಡರೆ ಇನ್ನು ನನ್ನ ಆಯಸ್ಸಿನಲ್ಲಿ ಆಡುವುದಿಲ್ಲ ಅಂತ ಗೊತ್ತಿತ್ತು. ಪರದೆಯ ಮೇಲೆ ಮುದುಕಿ ತೂಬಿನ ಮೇಲೆ ಕೂತಳು. ಆಫೀಸರು ಬಂದ. ಅವನು ತನ್ನ ಮಾತು ಮುಗಿಸಿದ. ಮುದುಕಿ ಬಾಯಿ ತೆರೆದಳು. ನಾನು ಎದ್ದು ನಿಂತೆ. ಕೆರೆಯ ಈ ದಡದಿಂದ ಆ ದಡಕ್ಕೆ ಕೂಗುವ ದನಿಯಲ್ಲಿ ಅಂದೆ.

"ಹೋಗಿ ನಿಮ್ಮವ್ವನ್ನ ಕೇಳು, ನಿನ್ನ ಹೆರೋಕೆ ಯಾವ ಆಫೀಸರು ಪರ್ಮಿಟ್ ಕೊಟ್ಟಿದ್ದ ಅಂತ!"

ತುಟಿ ಸರಿಯಾಗಿ ಕೂಡಿತು. ನನ್ನದೇ ತುಟಿಯಲ್ಲವೇ.

ಹಿಂದೆ ತಿರುಗಿ ಗಾಜಿನ ಕೋಣೆ ನೋಡಿದೆ. ಒಂದು ಉಸಿರು, ಎರಡು ಉಸಿರು. ಕೆಟ್ಟೆ, ದಿಲ್ಬರ್ ಹೆದರಿಕೊಂಡಳು, ಹೆದರಲಿ ಪಾಪ ಅಂದುಕೊಂಡೆ. ಆಗ ಎಡಗಡೆಯಿಂದ ನಗು ಎದ್ದಿತು. ಅದು ರಷ್ಯನ್. ಅದು ಇಳಿಯುವಷ್ಟರಲ್ಲಿ ಹಿಂದಿನ ಸಾಲುಗಳಿಂದ ಅದಕ್ಕಿಂತ ಜೋರಾಗಿ ಇನ್ನೊಂದು. ಅದು ಉಜ್ಬೆಕ್. ಆಮೇಲೆ ಮುಂದಿನ ಸಾಲಿನ ಇಂಗ್ಲಿಷಿನವರು. ಎಲ್ಲರಿಗಿಂತ ತಡವಾಗಿ, ಎಲ್ಲೋ ಮೂಲೆಯಲ್ಲಿ ಐದಾರು ಜನ ಯಾವುದೋ ಭಾಷೆಯವರು ನಕ್ಕಾಗ ಆಫೀಸರು ಆಗಲೇ ಬೀಗ ತೆಗೆದು ನೀರು ಬಿಟ್ಟಿದ್ದ. ಅವರು ನೀರಿಗೆ ನಕ್ಕ ಹಾಗಾಯಿತು. ಆಮೇಲೆ ಚಪ್ಪಾಳೆ. ಪಕ್ಕದಲ್ಲಿದ್ದ ದಪ್ಪ ಮುದುಕನೊಬ್ಬ ನನ್ನ ಕೈ ಹಿಡಿದುಕೊಂಡು ಕುಲುಕಿ ಕುಲುಕಿ ತೋಳೇ ಕಳಚಿ ಬರುವ ಹಾಗೆ ಮಾಡಿದ. ಚಂದ್ರು ಕುರ್ಚಿಯೊಳಗೆ ಎಷ್ಟು ಇಳಿದಿದ್ದನೆಂದರೆ ತಲೆ ಕಾಣುತ್ತಿರಲಿಲ್ಲ.

ಸಿನಿಮಾ ಮುಗಿದ ಕೂಡಲೇ ಕನ್ನಡಕದವನು ಬಂದ. ದಿಲ್ಬರಳನ್ನೂ ಕರೆಸಿದ. ಹಾಳೆಯಲ್ಲಿ ಇಲ್ಲದ್ದನ್ನು ಯಾಕೆ ಹೇಳಿದೆ ಅಂತ ಕೇಳಿದ. ಅವಳು ಕೈಕಟ್ಟಿ ನಿಂತು, ಅತಿಥಿ ಹಾಲಿನಲ್ಲಿ ಮಾತಾಡಿದರು, ನಿಯಮದ ಪ್ರಕಾರ ಹೇಳಿದೆ ಅಂದಳು. ಅವನು ನಿಯಮದ ಪುಸ್ತಕ ತೆಗೆದ. ಓದಿದ. ಇತ್ತು. ನನ್ನ ಕಡೆ ತಿರುಗಿ, ಸಿನಿಮಾ ನಡೆಯುವಾಗ ಎದ್ದು ಯಾಕೆ ಮಾತಾಡಿದಿರಿ ಅಂದ.

"ನಮ್ಮೂರಲ್ಲಿ ಸಿನಿಮಾ ಹಾಗೇ ನೋಡೋದು" ಅಂದೆ. ಅದು ಸುಳ್ಳೇನಲ್ಲವಲ್ಲ.

ಅವನು ಮೊನ್ನೆಯ ಹಸಿರು ಸೀರೆಗೆ ಮಾಡಿದಷ್ಟೇ ಹೊತ್ತು ಯೋಚನೆ ಮಾಡಿದ. ಅತಿಥಿ ಏನಾದರೂ ಮಾತಾಡಿದರೆ ಅದನ್ನು ವರದಿಯಲ್ಲಿ ಬರೆಯಬೇಕು, ಅದೂ ನಿಯಮವಂತೆ. ಒಂದು ಹಾಳೆ ತೆಗೆದು ದಿಲ್ಬರಳಿಂದ ಕೇಳಿ ಕೇಳಿ ಬರೆದ. ಬರೆಯುವಾಗ ಪರ್ಮಿಟ್ ಹತ್ತಿರ ಅವನ ಮೀಸೆ ಒಂದು ಸಲ ಅಲುಗಿತು. ಬೇರೇನೂ ಆಗಲಿಲ್ಲ. ಕೆಳಗೆ ಸೀಲು ಒತ್ತಿದ. ಕಾರ್ಬನ್ ಪ್ರತಿಯನ್ನು ನನ್ನ ಕೈಗೆ ಕೊಟ್ಟ. ನಮ್ಮ ಸರ್ಕಾರ ಕತ್ತರಿಸಿ ಎಸೆದ ಮಾತಿಗೆ ಇನ್ನೊಂದು ಸರ್ಕಾರದ ಗುಂಡು ಸೀಲು ಬಿತ್ತು.

ಹೊರಡುವ ದಿನ ದಿಲ್ಬರಳ ಅಮ್ಮ ವಿಮಾನ ನಿಲ್ದಾಣಕ್ಕೆ ಬಂದಿದ್ದಳು. ಫ್ಲಾಸ್ಕಿನಿಂದ ಟೀ ಬಗ್ಗಿಸಿದಾಗಲೆಲ್ಲ ಕಾಲು ಬಟ್ಟಲಿಗೇ ನಿಲ್ಲಿಸಿಬಿಟ್ಟಳು. ತುಂಬಿಸಲಿಲ್ಲ.

ಮತ್ತೆ ಗುಬ್ಬಿ

ನಾನು ಬಂದ ಸುದ್ದಿ ಕೇಳಿ ಗುಬ್ಬಿಯ ಟೆಂಟಿನ ಮಾಲೀಕರು 'ತೂಬಿನ ಬೀಗ'ವನ್ನು ಮತ್ತೆ ತರಿಸಿದರು. ಮೊದಲನೇ ದಿನ ಸಂಜೆಯ ಆಟಕ್ಕೆ ಹೋಗಿ ಹೆಂಗಸರ ನೆಲದಲ್ಲಿ ಕೂತೆ. ಆ ಜಾಗ ಬಂತು. ಎದ್ದು ನಿಂತು ಅಂದೆ. ಟೆಂಟಿನವರು ಹೊಡೆದ ಸಿಳ್ಳೆಗೆ ತಡಿಕೆ ಅಲ್ಲಾಡಿತು. "ಇಷ್ಟೇನಾ? ಇಷ್ಟಕ್ಕಾ ಕತ್ತರಿ ಹಾಕಿದ್ದು?" ಅಂತ ಒಬ್ಬ. "ಇಷ್ಟು ಸಾಲ್ದಾ ಮತ್ತೆ, ಮುಟ್ಟಿ ನೋಡ್ಕೋಬೇಕು ಹಂಗೈತೆ" ಅಂತ ಇನ್ನೊಬ್ಬ.

ಎರಡನೇ ದಿನ ನನ್ನ ಜೊತೆ ಹೆಂಗಸರ ಕಡೆಯವರೆಲ್ಲ ಅಂದರು. ಕುಣಿಗಲ್ಲಿನ ಬೀಗಿತ್ತಿ ಬಂದಿದ್ದಳು, ಅವಳ ಬಾಯಲ್ಲೂ ಬಂತು. ಮೂರನೇ ದಿನ ನಾನು ಎಲೆ ಅಡಿಕೆ ಹಾಕಿಕೊಂಡು ಸುಮ್ಮನೆ ಕೂತೆ. ಪರದೆಯ ಮೇಲೆ ಮುದುಕಿ ಬಾಯಿ ತೆರೆದಳು, ಇಡೀ ಟೆಂಟು ಒಂದೇ ದನಿಯಲ್ಲಿ ಹೇಳಿತು. ಆಫೀಸರು ಮುಖ ಬಿಳುಚಿಕೊಂಡು ಬೀಗ ತೆಗೆದ. ಆವತ್ತು ಅವನು ಯಾಕೆ ತೆಗೆದ ಅಂತ ಯಾರಿಗೂ ಅನುಮಾನ ಬರಲಿಲ್ಲ.

ಯಾರೋ ಮೇಲಿನವರಿಗೆ ಬರೆದು ಹಾಕಿದರಂತೆ. ನಮ್ಮ ದಫೇದಾರರನ್ನೇ ನೋಡಿಕೊಂಡು ಬಾ ಅಂತ ಕಳಿಸಿದರು. ಅವರು ಬೆಂಚಿನಲ್ಲಿ ಕೂತು ಪೂರ್ತಿ ನೋಡಿ, ಸಿನಿಮಾದಲ್ಲಿ ಸೆನ್ಸಾರ್ ತೆಗೆದದ್ದು ತೆಗೆದ ಹಾಗೇ ಇದೆ, ದನಿ ಇಲ್ಲ ಅಂತ ಬರೆದು ಕೊಟ್ಟರು. ಅದು ಸತ್ಯವೇ. ಸಿನಿಮಾದಲ್ಲಿ ದನಿ ಇರಲಿಲ್ಲ.

ಮಾರನೇ ದಿನ ಸೈಕಲ್ಲಿನ ಹ್ಯಾಂಡಲಿಗೆ ಒಂದು ಕೋಳಿ ನೇತುಹಾಕಿಕೊಂಡು ಕಡಬಕ್ಕೆ ಬಂದರು.

"ಬೆಟ್‌ನಲ್ಲಿ ಇಬ್ರೂ ಸೋತ್ರು ಅಜ್ಜಿ. ಇಬ್ರೂ ಬೇರೆ ಏನೇನೋ ಅಂದ್ಕೊಂಡಿದ್ರು. ಕೋಳಿ ನಿಮ್ಗೇ ಸೇರ್ಬೇಕು."

"ನಾನು ನಿಜ ಹೇಳಿದ್ದೆ. ನೀನು ನಂಬ್ಲಿಲ್ಲ" ಅಂದೆ. ಕೋಳಿ ಇಸಿದುಕೊಂಡೆ.

ಯಜಮಾನರಿದ್ದಿದ್ದರೆ, ತಡ ಮಾಡಿದೆ ಕಣೇ, ಆ ಹೆಬ್ಬೆಟ್ಟಿನ ಆಫೀಸರು ಹೋಗಿ ಆರೇಳು ವರ್ಷವಾದ ಮೇಲೆ ಅಂದೆ ಅನ್ನುತ್ತಿದ್ದರು. ತಡವಾಯಿತು, ಇಲ್ಲ ಅನ್ನುವುದಿಲ್ಲ. ಅಂದೆನಲ್ಲ. ಕೋಳಿಯನ್ನು ಆ ನೀಲಿ ಬಕೆಟ್ಟಿನಲ್ಲೇ ತೊಳೆದು ಸಾರು ಮಾಡಿದೆ. ಖಾರ ಸ್ವಲ್ಪ ಮುಂದಿತ್ತು. ಚೆನ್ನಾಗಿತ್ತು.